ನಲವತ್ತು ದಾಟಿದ ಚಾಂಪಿಯನ್‌ಗೆ ರಿಂಗ್ ಬಾಗಿಲು ಹಾಕಬೇಕೇ?

2024ರ ನವೆಂಬರ್ 16, ಶನಿವಾರ. ಮಂಗಳೂರಿನಲ್ಲಿ ನಾವು ತಿಂಡಿ ಮುಗಿಸುವ ಹೊತ್ತಿಗೆ ಟೆಕ್ಸಾಸ್‌ನಲ್ಲಿ ಮೈಕ್ ಟೈಸನ್ ರಿಂಗ್ ಹತ್ತಿದರು. ಅವರಿಗೆ 58 ವರ್ಷ. ಎದುರಿಗಿದ್ದ ಜೇಕ್ ಪಾಲ್‌ಗೆ 27. ನೆಟ್‌ಫ್ಲಿಕ್ಸ್ ಆಗಾಗ ನಿಂತು ನಿಂತು ಬಂತು. ಟೈಸನ್ ಆಟವೂ ಹಾಗೇ ಇತ್ತು. ಎರಡೆರಡು ನಿಮಿಷದ ಎಂಟು ರೌಂಡ್ ಮುಗಿದ ಮೇಲೆ ಮೂವರು ತೀರ್ಪುಗಾರರೂ ಪಾಲ್ ಗೆದ್ದರು ಅಂದರು. ಇದು ಸುಮ್ನೆ ಪ್ರದರ್ಶನಕ್ಕೆ ಆಡಿದ್ದಲ್ಲ. ಲೈಸೆನ್ಸ್ ಕೊಟ್ಟು, ದಾಖಲೆಗೆ ಸೇರಿಸಿದ ವೃತ್ತಿಪರ ಪಂದ್ಯ.

ಅವತ್ತು ಇಬ್ಬರು ಗೆಳೆಯರ ನಡುವೆ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಒಬ್ಬರು ಬಿಜೈಯಲ್ಲಿರುವ ಬ್ಯಾಂಕ್ ನೌಕರ, ರಾತ್ರಿ ನಿದ್ದೆಗೆಟ್ಟು ಹಳೇ ಪಂದ್ಯ ನೋಡುವವರು. ಇನ್ನೊಬ್ಬರು ಸುರತ್ಕಲ್ ಕಡೆ ಮಕ್ಕಳಿಗೆ ಬಾಕ್ಸಿಂಗ್ ಹೇಳಿಕೊಡುವವರು. ಒಲಿಂಪಿಕ್ಸ್‌ನಂಥ ಕೂಟಗಳಲ್ಲಿ ಬಾಕ್ಸರ್‌ಗೆ 40ರ ಗಡಿ ಇದೆ. ಮೇರಿ ಕೋಮ್‌ಗೆ ಅಲ್ಲಿ ದಾರಿ ಮುಚ್ಚಿದ್ದು ಇದೇ ನಿಯಮ. ಪ್ಯಾರಿಸ್ ಒಲಿಂಪಿಕ್ಸ್‌ಗೆ ಬರುತ್ತೇನೆ ಅಂದ ಫಿಲಿಪ್ಪೀನ್ಸ್‌ನ ಮ್ಯಾನಿ ಪಕ್ಯಾವೊ ಅವರನ್ನು ತಡೆದದ್ದೂ ಇದೇ. ವೃತ್ತಿಪರ ಬಾಕ್ಸಿಂಗ್‌ಗೂ ಇದನ್ನೇ ತರಬೇಕೇ ಅನ್ನುವುದು ಪ್ರಶ್ನೆ. ತರಬೇಕು ಅನ್ನುವವರು ಬ್ಯಾಂಕ್ ನೌಕರ, ಬೇಡ ಅನ್ನುವವರು ಸುರತ್ಕಲ್‌ನ ಕೋಚ್. ಇಬ್ಬರ ಮಾತೂ ಇಲ್ಲಿದೆ.

ಪರ: ವಯಸ್ಸಿನ ಜೊತೆ ಚೌಕಾಸಿ ನಡೆಯುವುದಿಲ್ಲ

ಸರಿಯಾದ ಹೊತ್ತಿಗೆ ತಾನಾಗಿ ನಿಲ್ಲಿಸಿದ ಚಾಂಪಿಯನ್ ಯಾರು ಅಂತ ಕೇಳಿ. ಎಲ್ಲರೂ ಮೊದಲು ರಾಕಿ ಮಾರ್ಸಿಯಾನೊ ಹೆಸರು ಹೇಳುತ್ತಾರೆ. 49 ಪಂದ್ಯ, 49 ಗೆಲುವು, 1956ರಲ್ಲಿ ನಿವೃತ್ತಿ. ಆಮೇಲೆ ಲೆನಾಕ್ಸ್ ಲೂಯಿಸ್ ಅನ್ನುತ್ತಾರೆ. ಅಲ್ಲಿಂದ ಮುಂದೆ ಸ್ವಲ್ಪ ತಲೆ ಕೆರೆದುಕೊಳ್ಳಬೇಕಾಗುತ್ತದೆ.

ನಿಲ್ಲಿಸಲಾಗದವರ ಪಟ್ಟಿಗೆ ಮಾತ್ರ ಬರ ಇಲ್ಲ. ಜೋ ಲೂಯಿ 1937ರಿಂದ 1949ರವರೆಗೆ ಹೆವಿವೇಟ್ ಚಾಂಪಿಯನ್ ಆಗಿದ್ದವರು. 25 ಸಲ ಪಟ್ಟ ಉಳಿಸಿಕೊಂಡವರು. ನಿವೃತ್ತರಾದರು. ಆದರೆ ತೆರಿಗೆ ಇಲಾಖೆಯ ಬಾಕಿ ಬೆನ್ನು ಬಿಡಲಿಲ್ಲ. ಮತ್ತೆ ಗ್ಲೌಸ್ ಹಾಕಿದರು. 1951ರ ಅಕ್ಟೋಬರ್‌ನಲ್ಲಿ ಇದೇ ಮಾರ್ಸಿಯಾನೊ ಎಂಟನೇ ರೌಂಡ್‌ನಲ್ಲಿ ಅವರನ್ನು ಹಗ್ಗದ ಆಚೆಗೆ ಕೆಡವಿದರು. ಗೆದ್ದ ಮಾರ್ಸಿಯಾನೊ ಆಮೇಲೆ ಅತ್ತರಂತೆ. ಚಿಕ್ಕಂದಿನಿಂದ ಆರಾಧಿಸಿದವರನ್ನು ಹೊಡೆದು ಮಲಗಿಸುವುದು ಯಾರಿಗೆ ಖುಷಿ, ಮಾರಾಯ್ರೆ?

ನನ್ನ ವಾದ ನಿಂತಿರುವುದು ಇನ್ನೊಂದು ಪಂದ್ಯದ ಮೇಲೆ. 1980ರ ಅಕ್ಟೋಬರ್ 2, ಲಾಸ್ ವೇಗಾಸ್. 38ರ ಮಹಮ್ಮದ್ ಅಲಿ, 30ರ ಲ್ಯಾರಿ ಹೋಮ್ಸ್. ಹೋಮ್ಸ್ ಹಿಂದೆ ಅಲಿಯವರ ಸ್ಪ್ಯಾರಿಂಗ್ (ಅಭ್ಯಾಸದ ಗುದ್ದಾಟ) ಜೊತೆಗಾರ ಆಗಿದ್ದವರು. ಅಲಿ ತೂಕ ಇಳಿಸಿಕೊಂಡು, ಬಿಳಿ ಕೂದಲಿಗೆ ಬಣ್ಣ ಹಚ್ಚಿಕೊಂಡು ಬಂದಿದ್ದರು. ನೋಡಲು ಹಳೇ ಅಲಿಯ ಹಾಗೇ ಕಾಣುತ್ತಿದ್ದರು. ಆದರೆ ಆ ತೂಕ ಇಳಿದದ್ದರಲ್ಲಿ ಥೈರಾಯ್ಡ್ ಮಾತ್ರೆಯ ಕೈವಾಡ ಇತ್ತು. ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಹತ್ತು ರೌಂಡ್ ಬರೀ ಹೊಡೆತ ತಿಂದರು. ಹೋಮ್ಸ್ ಒಂದು ಹಂತದಲ್ಲಿ ರೆಫರಿ ಕಡೆ ನೋಡತೊಡಗಿದರು, ಇದನ್ನು ನಿಲ್ಲಿಸಬಾರದೇ ಅನ್ನುವ ಹಾಗೆ. ಕೊನೆಗೆ ಕೋಚ್ ಏಂಜೆಲೊ ಡಂಡಿ ಪಂದ್ಯ ನಿಲ್ಲಿಸಿದರು. 61 ಪಂದ್ಯಗಳ ಬದುಕಿನಲ್ಲಿ ಅಲಿ ಪೂರ್ತಿ ರೌಂಡ್ ಮುಗಿಸಲಾಗದೆ ಸೋತದ್ದು ಅದೊಂದೇ ಸಲ.

ಪಂದ್ಯಕ್ಕೆ ಮೊದಲು ವೈದ್ಯರು ನೋಡಿರಲಿಲ್ಲವೇ? ನೋಡಿದ್ದರು. ಅದೂ ಹೆಸರಾಂತ ಮೇಯೊ ಕ್ಲಿನಿಕ್‌ನಲ್ಲಿ. ಬೆರಳನ್ನು ಮೂಗಿಗೆ ನೇರ ಮುಟ್ಟಿಸಲು ಕಷ್ಟ, ಒಂಟಿ ಕಾಲಲ್ಲಿ ಕುಪ್ಪಳಿಸಲು ಕಷ್ಟ ಅಂತ ವರದಿಯಲ್ಲಿ ಬರೆದಿತ್ತು. ಆ ವರದಿ ಬಾಕ್ಸರ್‌ಗಳಿಗೆ ಲೈಸೆನ್ಸ್ ಕೊಡುವ ನೆವಾಡಾ ರಾಜ್ಯದ ಕಮಿಷನ್ ಕೈಯಲ್ಲೇ ಇತ್ತು. ಆದರೂ ಲೈಸೆನ್ಸ್ ಕೊಟ್ಟರು. ಅದಕ್ಕೂ ಮೂರು ವರ್ಷ ಮೊದಲು, ಅಲಿಯವರ ಸ್ವಂತ ವೈದ್ಯ ಫರ್ಡಿ ಪಚೆಕೊ ಇನ್ನು ಸಾಕು ಅಂತ ಹೇಳಿ, ವರದಿಗಳನ್ನು ಕಳಿಸಿ, ಯಾರೂ ಉತ್ತರ ಕೊಡದಿದ್ದಾಗ ಬಿಟ್ಟು ಹೋಗಿದ್ದರು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನಲ್ಲಿ ಅಲಿ ಮತ್ತೊಮ್ಮೆ ಆಡಿದರು, ಟ್ರೆವರ್ ಬರ್ಬಿಕ್ ಎದುರು ಸೋತರು. 1984ರಲ್ಲಿ ಪಾರ್ಕಿನ್ಸನ್ ಇದೆ ಅಂತ ಗೊತ್ತಾಯಿತು. ಅದಕ್ಕೆ ಗುದ್ದುಗಳೇ ಕಾರಣವೇ ಅನ್ನುವುದರಲ್ಲಿ ವೈದ್ಯರಿಗೆ ಒಮ್ಮತ ಇಲ್ಲ. ಆದರೆ ಆ ಹತ್ತು ರೌಂಡ್‌ಗಳಿಂದ ಒಳ್ಳೆಯದಾಯಿತು ಅಂತ ಹೇಳುವವರೂ ಇಲ್ಲ.

ಹಾಗಾಗಿ ವೈದ್ಯರು ನೋಡಲಿ, ಅವರೇ ಹೇಳಲಿ ಅನ್ನುವ ಮಾತು ನನಗೆ ಸಾಲುವುದಿಲ್ಲ. ವರದಿಗೆ ಹೇಗೆ ಬೇಕಾದರೂ ಅರ್ಥ ಹಚ್ಚಬಹುದು. ಹುಟ್ಟಿದ ತಾರೀಕಿಗೆ ಆಗುವುದಿಲ್ಲ. ಒಂದು ರಾಜ್ಯ ಬೇಡ ಅಂದರೆ ಇನ್ನೊಂದು ಬಾ ಅನ್ನುತ್ತದೆ. 2005ರಲ್ಲಿ ನ್ಯೂಯಾರ್ಕ್ ಕಮಿಷನ್ ಇವಾಂಡರ್ ಹೋಲಿಫೀಲ್ಡ್ ಅವರನ್ನು ತಡೆಯಿತು. ಮರುವರ್ಷ ಅವರು ಟೆಕ್ಸಾಸ್‌ನಲ್ಲಿ ಆಡಿದರು. 2021ರಲ್ಲಿ, 58ರ ವಯಸ್ಸಿನಲ್ಲಿ, ಫ್ಲೋರಿಡಾದಲ್ಲಿ ಮತ್ತೆ ಇಳಿದು ಮೊದಲ ರೌಂಡ್‌ನಲ್ಲೇ ಬಿದ್ದರು. ಎಲ್ಲ ಕಡೆ 40 ಅಂತ ಒಂದೇ ಗೆರೆ ಇದ್ದರೆ ಈ ಊರೂರು ಅಲೆಯುವ ಆಟ ನಿಲ್ಲುತ್ತದೆ.

ಇನ್ನು ತಲೆಯ ಒಳಗಿನ ವಿಷಯ. ವಯಸ್ಸಾದಂತೆ ಮಿದುಳು ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಬುರುಡೆಗೂ ಅದಕ್ಕೂ ನಡುವೆ ಜಾಗ ಜಾಸ್ತಿ ಆಗುತ್ತದೆ. ನಡುವಿನ ಸಣ್ಣ ರಕ್ತನಾಳಗಳು ಬಿಗಿಯಾಗುತ್ತವೆ. ಒಂದು ಜೋರು ಪೆಟ್ಟಿಗೆ ಅವು ಹರಿದು ಒಳಗೇ ರಕ್ತ ಸೋರಬಹುದು. ನಮ್ಮಲ್ಲಿ ಅಜ್ಜಂದಿರು ಬಚ್ಚಲಲ್ಲಿ ಜಾರಿ ಬಿದ್ದರೆ ತಲೆಯ ಸ್ಕ್ಯಾನ್ ಮಾಡಿಸಿ ಅಂತ ವೈದ್ಯರು ಹೇಳುವುದು ಇದಕ್ಕೇ.

ನನ್ನ ಗೆಳೆಯನ ಮೆಚ್ಚಿನ ಮಾತೊಂದಿದೆ. ಯಕ್ಷಗಾನದಲ್ಲಿ ಎಪ್ಪತ್ತು ದಾಟಿದ ಹಿರಿಯರು ಗೆಜ್ಜೆ ಕಟ್ಟಿ ಬಂದರೆ ನಾವು ಚಪ್ಪಾಳೆ ತಟ್ಟುತ್ತೇವೆ, ಅಲ್ವಾ? ತಟ್ಟುತ್ತೇವೆ. ಆದರೆ ಅಲ್ಲಿ ಎದುರು ವೇಷದವರು ಅವರ ತಲೆಗೆ ನಿಜವಾಗಿ ಹೊಡೆಯುವುದಿಲ್ಲ. ಹೆಜ್ಜೆ ತಪ್ಪಿದರೆ ಭಾಗವತರು ಸುಧಾರಿಸಿಕೊಳ್ಳುತ್ತಾರೆ. ರಿಂಗ್‌ನಲ್ಲಿ ಹೆಜ್ಜೆ ತಪ್ಪುವುದನ್ನೇ ಎದುರಿನವನು ಕಾಯುತ್ತಿರುತ್ತಾನೆ.

ಆಡಬೇಕೋ ಬೇಡವೋ ಅಂತ ಅವರೇ ತೀರ್ಮಾನಿಸಲಿ ಅನ್ನುವವರು ಒಮ್ಮೆ ಟೈಸನ್ ಕಡೆ ನೋಡಿ. 30 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿದ ಮನುಷ್ಯ 2003ರಲ್ಲಿ ದಿವಾಳಿ ಅರ್ಜಿ ಹಾಕಿದರು. ಸಾಲ ತಲೆ ಮೇಲಿದ್ದಾಗ, ಹೊರಗೆ ಜನ ಹೆಸರು ಕೂಗುತ್ತಿದ್ದಾಗ, ಪ್ರಮೋಟರ್ ಚೆಕ್ ಹಿಡಿದು ನಿಂತಿದ್ದಾಗ ಯಾರಿಗೆ ಬೇಡ ಅನ್ನಲು ಬಾಯಿ ಬರುತ್ತದೆ? ಆ ಮಾತನ್ನು ಅವರ ಪರವಾಗಿ ನಿಯಮ ಹೇಳಲಿ.

ವಿರೋಧ: ಕ್ಯಾಲೆಂಡರ್ ಪೆಟ್ಟು ಎಣಿಸುವುದಿಲ್ಲ

ಅಲ್ಲ ಮಾರಾಯ, ನೀನು ಬರೆದದ್ದನ್ನೇ ಇನ್ನೊಮ್ಮೆ ಓದು. ಅಲಿ ಹುಟ್ಟಿದ್ದು 1942ರ ಜನವರಿ 17. ಹೋಮ್ಸ್ ಎದುರು ಆಡಿದಾಗ 38. ಬರ್ಬಿಕ್ ಎದುರು ಆಡಿದಾಗ 39, ನಲವತ್ತಕ್ಕೆ ಇನ್ನೂ ಐದು ವಾರ ಬಾಕಿ ಇತ್ತು. ಜೋ ಲೂಯಿ ಹಗ್ಗದ ಆಚೆ ಬಿದ್ದಾಗ 37. ನಿನ್ನ 40ರ ನಿಯಮ ಈ ಮೂರು ಪಂದ್ಯಗಳಲ್ಲಿ ಒಂದನ್ನೂ ನಿಲ್ಲಿಸುತ್ತಿರಲಿಲ್ಲ. ಕಣ್ಣೀರು ಬರಿಸುವ ಕತೆಗಳೆಲ್ಲ ಗೆರೆಯ ಈಚೆಗೇ ಇವೆ.

ಹಾಗಾದರೆ ಯಾರನ್ನು ನಿಲ್ಲಿಸುತ್ತಿತ್ತು? ಜಾರ್ಜ್ ಫೋರ್‌ಮನ್ ಅವರನ್ನು.

ಈ ಮನುಷ್ಯನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1974ರಲ್ಲಿ ಆಫ್ರಿಕಾದ ಝೈರ್‌ನಲ್ಲಿ (ಈಗಿನ ಕಾಂಗೊ) ಅಲಿ ಎದುರು ಪಟ್ಟ ಕಳೆದುಕೊಂಡರು. 1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತ ಮೇಲೆ ಬಾಕ್ಸಿಂಗ್ ಬಿಟ್ಟು ಪಾದ್ರಿಯಾದರು. ಹ್ಯೂಸ್ಟನ್‌ನಲ್ಲಿ ಹುಡುಗರಿಗಾಗಿ ಒಂದು ಕೇಂದ್ರ ಕಟ್ಟಿದರು. ಅದನ್ನು ನಡೆಸಲು ದುಡ್ಡು ಬೇಕಿತ್ತು. ಹತ್ತು ವರ್ಷ ಗ್ಲೌಸ್ ಮುಟ್ಟದವರು 1987ರಲ್ಲಿ ಮರಳಿದರು. ಹೊಟ್ಟೆ ಬಂದಿತ್ತು. ಜನ ನಕ್ಕರು. ಅವರೂ ಜೊತೆಗೆ ನಕ್ಕರು. 1991ರಲ್ಲಿ, 42ರ ವಯಸ್ಸಿನಲ್ಲಿ, ಹೋಲಿಫೀಲ್ಡ್ ಎದುರು ಹನ್ನೆರಡು ರೌಂಡ್ ನಿಂತೇ ಸೋತರು.

ಮೂರು ವರ್ಷದ ನಂತರ ಆಗಿನ ಚಾಂಪಿಯನ್ ಮೈಕಲ್ ಮೂರರ್ ಎದುರು ಪಂದ್ಯ ಗೊತ್ತಾಯಿತು. ಆಗ ವಿಶ್ವ ಪಟ್ಟ ಕೊಡುವ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯುಬಿಎ ವಯಸ್ಸಿನ ಕಾರಣ ಹೇಳಿ ಮಾನ್ಯತೆ ಕೊಡಲು ಒಪ್ಪಲಿಲ್ಲ. ಫೋರ್‌ಮನ್ ಕೋರ್ಟಿಗೆ ಹೋದರು. ಇದು ವಯಸ್ಸಿನ ತಾರತಮ್ಯ ಅಂದರು. ಗೆದ್ದರು. 1994ರ ನವೆಂಬರ್ 5ರಂದು, ಝೈರ್‌ನಲ್ಲಿ ಹಾಕಿದ್ದ ಅದೇ ಕೆಂಪು ಚಡ್ಡಿ ತೊಟ್ಟು ಬಂದರು. ಒಂಬತ್ತು ರೌಂಡ್ ಮುಗಿದಾಗ ಅಂಕಗಳಲ್ಲಿ ಹಿಂದಿದ್ದರು. ಹತ್ತನೇ ರೌಂಡ್‌ನಲ್ಲಿ ಒಂದು ಚಿಕ್ಕ ಬಲಗೈ ಗುದ್ದು. 26ರ ಮೂರರ್ ಏಳಲಿಲ್ಲ. 45ರ ಫೋರ್‌ಮನ್ ಮೂಲೆಗೆ ಹೋಗಿ ಮೊಣಕಾಲೂರಿದರು. ಪಟ್ಟ ಕಳೆದುಕೊಂಡು ಇಪ್ಪತ್ತು ವರ್ಷ ಆಗಿತ್ತು.

ಕೊನೆಯ ಪಂದ್ಯ ಆಡಿದ್ದು 48ರಲ್ಲಿ. ಆಮೇಲೆ ಟಿವಿಯಲ್ಲಿ ವರ್ಷಗಟ್ಟಲೆ ವೀಕ್ಷಕ ವಿವರಣೆ ಕೊಟ್ಟರು, ತನ್ನ ಹೆಸರಿನ ಗ್ರಿಲ್ ಮಾರಿ ಬಾಕ್ಸಿಂಗ್‌ಗಿಂತ ಜಾಸ್ತಿ ಗಳಿಸಿದರು. 2025ರ ಮಾರ್ಚ್‌ನಲ್ಲಿ 76ರ ವಯಸ್ಸಿನಲ್ಲಿ ತೀರಿಕೊಂಡರು. ನಿನ್ನ ನಿಯಮ ಇದ್ದಿದ್ದರೆ ಅಲಿ ರಿಂಗ್‌ನಲ್ಲಿ, ಫೋರ್‌ಮನ್ ಹೊರಗೆ.

ಅವರೊಬ್ಬರೇ ಅಲ್ಲ. ಪಕ್ಯಾವೊ 2019ರಲ್ಲಿ ಸೋಲೇ ಕಾಣದಿದ್ದ ಕೀತ್ ಥರ್ಮನ್ ಅವರನ್ನು ಸೋಲಿಸಿದಾಗ 40 ದಾಟಿತ್ತು. 2025ರ ಜುಲೈಯಲ್ಲಿ, 46ರಲ್ಲಿ, ಚಾಂಪಿಯನ್ ಮಾರಿಯೊ ಬ್ಯಾರಿಯೊಸ್ ಜೊತೆ ಡ್ರಾ ಮಾಡಿಕೊಂಡರು. ಬರ್ನಾರ್ಡ್ ಹಾಪ್ಕಿನ್ಸ್ 46ರಲ್ಲಿ ಪಟ್ಟ ಗೆದ್ದು ಫೋರ್‌ಮನ್ ದಾಖಲೆ ಮುರಿದರು. ಹಾಪ್ಕಿನ್ಸ್ ಗುದ್ದು ತಿನ್ನದೆ ಗೆಲ್ಲುವುದನ್ನು ಕಲಿತವರು. ಸಾಮಾನ್ಯವಾಗಿ ಅಂಥವರೇ ಹೆಚ್ಚು ಕಾಲ ಬಾಳುತ್ತಾರೆ. ಹೌದು, ಇದೇ ಹಾಪ್ಕಿನ್ಸ್ 51ರಲ್ಲಿ ಕೊನೆಯ ಪಂದ್ಯ ಆಡಿ ಹಗ್ಗದ ನಡುವಿನಿಂದ ನೆಲಕ್ಕೆ ಬಿದ್ದರು. ಅದನ್ನು ನೋಡಿದಾಗ ನನಗೂ ಇದು ಬೇಡಿತ್ತು ಅನ್ನಿಸಿತು.

ಟೈಸನ್ ವಿಷಯಕ್ಕೆ ನಾವಿಬ್ಬರೂ ಒಂದೇ. ಅವರಿಗೆ ಲೈಸೆನ್ಸ್ ಕೊಡಬಾರದಿತ್ತು. ಆದರೆ ಕಾರಣ 58 ಅಲ್ಲ. 2005ರ ನಂತರ ಅವರು ಒಂದೂ ವೃತ್ತಿಪರ ಪಂದ್ಯ ಆಡಿರಲಿಲ್ಲ. 2024ರ ಮೇಯಲ್ಲಿ ವಿಮಾನದಲ್ಲಿ ಹುಷಾರು ತಪ್ಪಿತ್ತು, ಅಲ್ಸರ್ ಅಂತ ಗೊತ್ತಾಗಿ ಜುಲೈಯ ಪಂದ್ಯ ನವೆಂಬರ್‌ಗೆ ಹೋಗಿತ್ತು. ಹುಟ್ಟಿದ ತಾರೀಕು ಕೇಳದೆಯೇ ಬೇಡ ಅನ್ನಲು ಇಷ್ಟು ಸಾಕಾಗಿತ್ತು.

ಈಗ ಸಾವಿನ ಮಾತು. 1982ರಲ್ಲಿ ರೇ ಮಾನ್ಸಿನಿ ಎದುರು 14 ರೌಂಡ್ ಆಡಿ ಸತ್ತ ಕೊರಿಯಾದ ಕಿಮ್ ಡುಕ್-ಕೂಗೆ 23 ವರ್ಷ. ಆ ಸಾವಿನ ಮೇಲೆಯೇ ವಿಶ್ವ ಪಟ್ಟ ಕೊಡುವ ಇನ್ನೊಂದು ಸಂಸ್ಥೆ ಡಬ್ಲ್ಯುಬಿಸಿ, ಪಟ್ಟದ ಪಂದ್ಯಗಳನ್ನು 15 ರೌಂಡ್‌ನಿಂದ 12ಕ್ಕೆ ಇಳಿಸಿತು. ಯಾರದೋ ವಯಸ್ಸು ನೋಡಿ ಅಲ್ಲ, ಎಷ್ಟು ಹೊಡೆತ ಬೀಳುತ್ತದೆ ಅಂತ ನೋಡಿ. ಇಂಥ ನಿಯಮಕ್ಕೆ ನಾನು ಕೈ ಎತ್ತುತ್ತೇನೆ. ಅಷ್ಟು ದೂರ ಯಾಕೆ, 2022ರಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಕೂಟದಲ್ಲಿ ಪೆಟ್ಟು ತಿಂದು ಸತ್ತ ಮೈಸೂರಿನ ಹುಡುಗನಿಗೂ ಇಪ್ಪತ್ತರ ಹರೆಯ. ಅವತ್ತಿನಿಂದ ಸುರತ್ಕಲ್‌ನಲ್ಲಿ ಅಪ್ಪ ಅಮ್ಮಂದಿರು ನನ್ನ ಹತ್ತಿರ ಆಂಬುಲೆನ್ಸ್ ಬಗ್ಗೆ ಕೇಳುತ್ತಾರೆ. ಕೇಳಬೇಕಾದ್ದೇ.

ಬಾಗಿಲು ಹಾಕಿದರೆ ಏನಾಗುತ್ತದೆ ಅಂತಲೂ ಅಲಿಯವರೇ ತೋರಿಸಿದ್ದಾರೆ. ಹೋಮ್ಸ್ ಪಂದ್ಯದ ಮೇಲೆ ಅಮೆರಿಕದಲ್ಲಿ ದಾರಿ ಕಾಣಲಿಲ್ಲ. ಬಹಾಮಾಸ್‌ಗೆ ಹೋದರು. ಅಲ್ಲಿ ರೌಂಡ್ ಶುರು ಮಾಡಲು ಸರಿಯಾದ ಗಂಟೆ ಕೂಡ ಇರಲಿಲ್ಲ, ದನದ ಕೊರಳ ಗಂಟೆ ಬಾರಿಸಿದರು. 40ರ ನಿಯಮ ಬಂದರೆ ಅಂಥ ಬಹಾಮಾಸ್‌ಗಳು ಹತ್ತಾಗುತ್ತವೆ. ಊರೂರು ಅಲೆಯುವುದಕ್ಕೆ ಮದ್ದು ಬೇರೆಯೇ ಇದೆ. 1996ರ ಅಮೆರಿಕದ ಕಾನೂನಿನ ಪ್ರಕಾರ ನಾಕೌಟ್ ಅಥವಾ ಗಾಯದ ಕಾರಣಕ್ಕೆ ಒಂದು ರಾಜ್ಯ ತಡೆದವನನ್ನು ಇನ್ನೊಂದು ರಾಜ್ಯ ಆಡಿಸುವ ಹಾಗಿಲ್ಲ. ಅದನ್ನು ದೇಶ ದೇಶಕ್ಕೂ ಹಬ್ಬಿಸಿ. ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ವೈದ್ಯರ ಫೀಸ್ ಪ್ರಮೋಟರ್ ಜೇಬಿನಿಂದ ಬರಬಾರದು. ಮೇಯೊ ವರದಿಯಲ್ಲಿ ತಪ್ಪಿರಲಿಲ್ಲ, ಓದಿದವರ ಕಣ್ಣು ಟಿಕೆಟ್ ದುಡ್ಡಿನ ಮೇಲಿತ್ತು. ಓದುವವರನ್ನು ಬದಲಿಸುವುದು ಬಿಟ್ಟು ವರದಿಯೇ ಬೇಡ, ವಯಸ್ಸು ಸಾಕು ಅಂದರೆ ಹೇಗೆ?

ಇನ್ನೊಂದು ಕಷ್ಟ ಇದೆ. ಪೆಟ್ಟಿನ ಲೆಕ್ಕ ಪಂದ್ಯದಲ್ಲಿ ಮುಗಿಯುವುದಿಲ್ಲ. ಸ್ಪ್ಯಾರಿಂಗ್‌ನಲ್ಲಿ ಬಿದ್ದದ್ದನ್ನು ಯಾರೂ ಬರೆದಿಡುವುದಿಲ್ಲ. ಅಲಿ ಜಿಮ್‌ನಲ್ಲೇ ಜೊತೆಗಾರರಿಗೆ ಹೊಡೆಯಲು ಬಿಡುತ್ತಿದ್ದರು, ತಡೆದುಕೊಳ್ಳುವುದು ರೂಢಿಯಾಗಲಿ ಅಂತ. ನನ್ನ ಹತ್ತಿರ ಬರುವ ಹುಡುಗರಿಗೂ ಇದೇ ಹುಚ್ಚು. ಮೂಗಲ್ಲಿ ರಕ್ತ ಬಂದರೆ ವಿಡಿಯೊ ತೆಗೆಯುತ್ತಾರೆ. ಇವರಿಗೆ ನಲವತ್ತರ ಗಡಿ ಇದೆ ಅಂದರೆ ಅಲ್ಲಿಯವರೆಗೆ ಎಷ್ಟು ಬೇಕಾದರೂ ತಿನ್ನಬಹುದು ಅಂತ ಅಂದುಕೊಳ್ಳುತ್ತಾರೆ.

ನಮ್ಮವರದೇ ಒಂದು ಲೆಕ್ಕ ನೋಡು. ಬೀಜಿಂಗ್‌ನಲ್ಲಿ ಕಂಚು ಗೆದ್ದ ವಿಜೇಂದರ್ ಸಿಂಗ್ 2015ರಲ್ಲಿ ವೃತ್ತಿಪರರಾದರು. 2022ರ ರಾಯಪುರ ಪಂದ್ಯದವರೆಗೆ ಆಡಿದ್ದು 14, ಸೋತದ್ದು ಒಂದು. 2025ರ ಅಕ್ಟೋಬರ್‌ನಲ್ಲಿ ಅವರಿಗೆ 40 ತುಂಬಿತು. ನಾಳೆ ಅವರು ಮತ್ತೆ ಆಡುತ್ತೇನೆ ಅಂದರೆ ನಿನ್ನ ನಿಯಮ ಕಾಗದ ನೋಡದೆ ವಾಪಸ್ ಕಳಿಸುತ್ತದೆ. ಅದೇ ಸಾಲಿನಲ್ಲಿ ಹಿಂದೆ ನಿಂತ, ಒಂದೇ ವರ್ಷದಲ್ಲಿ ಮೂರು ಸಲ ನಾಕೌಟ್ ಆದ 25ರ ಹುಡುಗನಿಗೆ ಸೀಲ್ ಹಾಕಿ ಕೊಡುತ್ತದೆ. ನಾನಾದರೆ ಇಬ್ಬರ ಸ್ಕ್ಯಾನ್ ಕೇಳುತ್ತೇನೆ, ಹುಡುಗನದ್ದು ಮೊದಲು.