ಸಮುದ್ರಕ್ಕಿಂತ ತಗ್ಗಿನ ಮನೆ, ಅಜ್ಜನ ಗಜನಿ

ವರ್ಷದ ಮೊದಲ ತಿಂಗಳುಗಳಲ್ಲಿ ನಮ್ಮ ಮನೆಗೆ ಒಂದು ಲಕೋಟೆ ಬರುತ್ತದೆ. ನೀರು ಮಂಡಳಿಯ ತೆರಿಗೆ. ನಲ್ಲಿ ನೀರಿನ ಬಿಲ್ ಅಲ್ಲ, ಅದು ಬೇರೆ ಬರುತ್ತದೆ. ಕೊಳಚೆ ನೀರು ಶುದ್ಧ ಮಾಡುವುದಕ್ಕೆ ಮತ್ತು ಮನೆಯೊಳಗೆ ಸಮುದ್ರ, ನದಿ ನುಗ್ಗದಂತೆ ಕಾಯುವುದಕ್ಕೆ ನಾವು ಕೊಡುವ ದುಡ್ಡು ಇದು.

ನಾನಿರುವುದು ನೆದರ್‌ಲ್ಯಾಂಡ್ಸ್‌ನಲ್ಲಿ, ರಾಟರ್‌ಡ್ಯಾಮ್ ಹತ್ತಿರದ ಒಂದು ಸಣ್ಣ ಊರಲ್ಲಿ. ಇಲ್ಲಿ ಒಂದು ಕಡೆ ನೆಲ ಸಮುದ್ರ ಮಟ್ಟಕ್ಕಿಂತ 6.76 ಮೀಟರ್ ಕೆಳಗಿದೆ. ಇಡೀ ದೇಶದಲ್ಲೇ ಅತಿ ತಗ್ಗಿನ ಜಾಗ. ಸಂಜೆ ಸೈಕಲ್ ತುಳಿದು ಡೈಕ್ ಮೇಲೆ, ಅಂದರೆ ನದಿಯ ಕಟ್ಟಿನ ಮೇಲೆ ಹೋಗಿ ನಿಂತರೆ ಒಂದು ಬದಿಗೆ ನದಿ, ಇನ್ನೊಂದು ಬದಿಗೆ ಮನೆಗಳು. ನದಿ ಮೇಲೆ, ಮನೆ ಕೆಳಗೆ. ಬಂದ ಹೊಸದರಲ್ಲಿ ಇದನ್ನು ನೋಡಿ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಆದರೆ ಕಟ್ಟಿನ ಹಿಂದೆ ಬದುಕುವುದು ನನಗೆ ಹೊಸದೇನಲ್ಲ. ನಮ್ಮೂರು ಕುಮಟಾ ತಾಲೂಕು, ಅಘನಾಶಿನಿ ಹೊಳೆ ಸಮುದ್ರ ಸೇರುವ ಬದಿ. ಅಲ್ಲಿ ಗಜನಿ ಗದ್ದೆಗಳಿವೆ. ಉಪ್ಪುನೀರು ಬಂದುಹೋಗುವ ತಗ್ಗು ಬಯಲಿಗೆ ಮಣ್ಣಿನ ಕಟ್ಟು ಹಾಕಿ, ತೂಬು ಇಟ್ಟು, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಮಳೆನೀರು ಮಣ್ಣಿನ ಉಪ್ಪು ತೊಳೆದ ಮೇಲೆ ಬಿತ್ತನೆ. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಒಳಗೆ ಬಿಟ್ಟರೆ ಮೀನು, ಸೀಗಡಿ. ಅಜ್ಜನಿಗೆ ಆ ಬಯಲಲ್ಲಿ ಸಣ್ಣ ಪಾಲು ಇತ್ತು. ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದರೆ ಬೆಳಿಗ್ಗೆ ಕಟ್ಟಿನ ಮೇಲೆ ನಡೆಯುತ್ತಿದ್ದ. ನಾನು ಹಿಂದೆ. ಅಜ್ಜ ನೋಡುತ್ತಿದ್ದದ್ದು ಏಡಿ ಬಿಲ. ಬೆರಳು ಹೋಗುವಷ್ಟು ತೂತು ಸಾಕು, ಎರಡು ಉಬ್ಬರದಲ್ಲಿ ಕಟ್ಟು ಕೊಚ್ಚಿ ಹೋಗುತ್ತದೆ ಅನ್ನುತ್ತಿದ್ದ. ಹಸಿ ಮಣ್ಣು ಮುಷ್ಟಿಯಲ್ಲಿ ಹಿಡಿದು ಬಿಲಕ್ಕೆ ತುರುಕಿ ಹಿಮ್ಮಡಿಯಲ್ಲಿ ಮೆಟ್ಟುತ್ತಿದ್ದ.

ಇಲ್ಲಿಗೆ ಬಂದ ಎರಡನೇ ವರ್ಷ ಡೈಕ್ ಮೇಲೆ ಒಬ್ಬ ಮನುಷ್ಯ ಅದನ್ನೇ ಮಾಡುತ್ತಿದ್ದ. ಅವನು ನೋಡುತ್ತಿದ್ದದ್ದು ಏಡಿ ಅಲ್ಲ, ಮಸ್ಕ್‌ರ್ಯಾಟ್ ಎಂಬ ನೀರಿಲಿಯ ಬಿಲ. ಅವು ಡೈಕ್ ಕೊರೆಯುತ್ತವೆ. ಅವನ್ನು ಹಿಡಿಯುವುದಕ್ಕೇ ನೀರು ಮಂಡಳಿ ಸಂಬಳ ಕೊಟ್ಟು ಜನ ಇಟ್ಟಿದೆ. ನಮ್ಮ ತೆರಿಗೆಯ ಒಂದು ಪಾಲು ಆ ಸಂಬಳಕ್ಕೆ ಹೋಗುತ್ತದೆ. ಅವತ್ತಿನಿಂದ ಆ ಲಕೋಟೆಯ ಮೇಲೆ ನನಗಿದ್ದ ಬೇಸರ ಹೋಯಿತು.

ಈಗ ಆ ನೀರು ಯಾಕೆ ಏರುತ್ತಿದೆ ಅನ್ನುವ ವಿಷಯಕ್ಕೆ ಬರುತ್ತೇನೆ. ನಮ್ಮೂರಿಗೂ ಈ ಊರಿಗೂ ಕಾರಣ ಒಂದೇ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸು ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬಿಸಿಲು ನೆಲವನ್ನು ಕಾಯಿಸುತ್ತದೆ, ಕಾದ ನೆಲ ಶಾಖವನ್ನು ಆಕಾಶಕ್ಕೆ ವಾಪಸ್ ಬಿಡುತ್ತದೆ. ಈ ಅನಿಲ ಆ ಶಾಖದ ಒಂದು ಪಾಲನ್ನು ಹೋಗಗೊಡದೆ ಹಿಡಿದಿಡುತ್ತದೆ. ಇದೇನು ನಿನ್ನೆ ಮೊನ್ನೆ ಗೊತ್ತಾದ ಸಂಗತಿಯಲ್ಲ. ಸ್ವೀಡನ್ನಿನ ಅರೇನಿಯಸ್ ಎಂಬ ವಿಜ್ಞಾನಿ 1896ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಕಾರ್ಖಾನೆಗಳ ಕಾಲ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಈ ಅನಿಲ ಸುಮಾರು 280 ಪಾಲು ಇತ್ತು. 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಅಳೆಯುವುದಕ್ಕೆ ಶುರು ಮಾಡಿದಾಗ ಸುಮಾರು 315. ಈಗ 420 ದಾಟಿದೆ. ಕಾಡು ಕಡಿಯುವುದೂ ಇದಕ್ಕೆ ಸೇರುತ್ತದೆ. ದನಕರು, ಕಸದ ಗುಡ್ಡೆ, ನೀರು ನಿಂತ ಗದ್ದೆಗಳಿಂದ ಬರುವ ಮೀಥೇನ್ ಕೂಡ.

ಹೀಗೆ ಸಿಕ್ಕಿಬಿದ್ದ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲನ್ನು ಸಮುದ್ರ ನುಂಗುತ್ತಿದೆ. ಬಿಸಿಯಾದ ನೀರು ಹಿಗ್ಗುತ್ತದೆ. ಅದರ ಜೊತೆಗೆ ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾ, ಬೆಟ್ಟಗಳ ಮೇಲಿನ ಹಿಮ ಕರಗಿ ಸೇರುತ್ತದೆ. 1901ರಿಂದ 2018ರವರೆಗೆ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ಒಂದು ಗೇಣಷ್ಟೇ ಅಲ್ವಾ ಅನ್ನಿಸಬಹುದು. ಆದರೆ ಗಜನಿ ಕಟ್ಟಿನ ಮೇಲೆ ನಿಂತವರಿಗೆ ಒಂದು ಗೇಣು ಅಂದರೆ ಏನು ಅಂತ ಗೊತ್ತು. ಹುಣ್ಣಿಮೆಯ ಉಬ್ಬರಕ್ಕೂ ಕಟ್ಟಿನ ತುದಿಗೂ ಇರುವ ಅಂತರ ಎಷ್ಟೋ ಕಡೆ ಅಷ್ಟೇ. ಏರುವ ವೇಗವೂ ಮೊದಲಿನದಲ್ಲ, ಜಾಸ್ತಿಯಾಗುತ್ತಾ ಇದೆ.

ಇಲ್ಲಿನ ಹಳಬರಿಗೆ ಬಿಸಿಯೇರಿದ್ದು ಗೊತ್ತಾಗುವುದು ಚಳಿಗಾಲದಲ್ಲಿ. ದೇಶದ ಉತ್ತರದಲ್ಲಿ, ಹೆಪ್ಪುಗಟ್ಟಿದ ಕಾಲುವೆಗಳ ಮೇಲೆ ಹನ್ನೊಂದು ಊರು ಸುತ್ತುವ ಸ್ಕೇಟಿಂಗ್ ಓಟವೊಂದಿದೆ. ಸುಮಾರು 200 ಕಿಲೋಮೀಟರ್, ಒಂದೇ ದಿನದಲ್ಲಿ. ದಾರಿಯುದ್ದಕ್ಕೂ ಮಂಜುಗಡ್ಡೆ 15 ಸೆಂಟಿಮೀಟರ್ ದಪ್ಪ ಇದ್ದರೆ ಮಾತ್ರ ನಡೆಸುತ್ತಾರೆ. ಕೊನೆಯ ಸಲ ನಡೆದದ್ದು 1997ರ ಜನವರಿ 4ಕ್ಕೆ. ಪಕ್ಕದ ಮನೆಯ ಹಿರಿಯರು 1986ರಲ್ಲಿ ಓಡಿದ್ದರು. ಆ ಸಣ್ಣ ಶಿಲುಬೆಯಾಕಾರದ ಪದಕ ಅವರ ನಡುಮನೆಯ ಗೋಡೆಯಲ್ಲಿ ತೂಗುತ್ತದೆ. ಡಿಸೆಂಬರ್ ಬಂತೆಂದರೆ ಅವರು ಸ್ಕೇಟ್‌ಗಳನ್ನು ಅಟ್ಟದಿಂದ ಇಳಿಸಿ ಎಣ್ಣೆ ಹಚ್ಚುತ್ತಾರೆ. ಮಾರ್ಚಿನಲ್ಲಿ ಮತ್ತೆ ಮೇಲಿಡುತ್ತಾರೆ. ಪ್ರತಿ ವರ್ಷ ಇದನ್ನು ನೋಡುತ್ತೇನೆ. ಅಂಕಿಅಂಶ ಓದಿದಾಗ ಆಗದ ಸಂಕಟ ಅದನ್ನು ನೋಡಿದಾಗ ಆಗುತ್ತದೆ.

ಬೇಸಿಗೆಯದು ಇನ್ನೊಂದು ಕಥೆ. 2019ರ ಜುಲೈನಲ್ಲಿ ಈ ದೇಶದಲ್ಲಿ ಮೊದಲ ಬಾರಿಗೆ 40 ಡಿಗ್ರಿ ದಾಟಿತು. 2003ರ ಬೇಸಿಗೆಯಲ್ಲಿ ವಿಲ್ನಿಸ್ ಎಂಬ ಊರಲ್ಲಿ ಒಂದು ಡೈಕ್ ಕುಸಿಯಿತು. ಕುಸಿದದ್ದು ಪ್ರವಾಹದಿಂದ ಅಲ್ಲ, ಬರದಿಂದ. ಅದು ಪೀಟ್ ಎಂಬ ಜೌಗು ಮಣ್ಣಿನ ಡೈಕ್. ಒಣಗಿ ಹಗುರವಾಗಿ ಸರಿದುಬಿಟ್ಟಿತು. ಈಗ ಮಳೆ ಬಾರದ ಬೇಸಿಗೆಯಲ್ಲಿ ಅಂಥ ಡೈಕ್‌ಗಳ ಮೇಲೆ ಜನ ನಡೆದು ಬಿರುಕು ಹುಡುಕುತ್ತಾರೆ, ನೀರು ಹಾಯಿಸುತ್ತಾರೆ.

ಆ ಕಡೆ ನಮ್ಮ ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಮೊದಲೆಲ್ಲ ಚಂಡಮಾರುತ ಅಂದರೆ ಬಂಗಾಳ ಕೊಲ್ಲಿಯದು, ನಮ್ಮ ಬದಿಗಲ್ಲ ಅಂತ ಒಂದು ಧೈರ್ಯ ಇತ್ತು. ಈಚಿನ ದಶಕಗಳಲ್ಲಿ ಅರಬ್ಬೀ ಸಮುದ್ರದಲ್ಲೂ ಚಂಡಮಾರುತಗಳು ಹೆಚ್ಚಾಗಿವೆ, ಬಲವೂ ಜಾಸ್ತಿ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಕರಾವಳಿಯ ಉದ್ದಕ್ಕೂ ಅಲೆಗಳು ಮನೆಯಂಗಳಕ್ಕೆ ಬಂದವು. ಇನ್ನು ಮಳೆಯ ಮಾತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ನೂರಕ್ಕೆ ಏಳರಷ್ಟು ಹೆಚ್ಚು ತೇವ ಹಿಡಿಯುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಘಟ್ಟದ ಮೇಲೆ ಹಾಗೆ ಸುರಿದ ನೀರು ಹೊಳೆಯಲ್ಲಿ ಇಳಿದು ಬರುವಾಗ ಕೆಳಗೆ ಸಮುದ್ರದ ಉಬ್ಬರ ಇದ್ದರೆ ಅದು ಹೋಗುವುದಾದರೂ ಎಲ್ಲಿಗೆ? ಗದ್ದೆಗೆ, ತೋಟಕ್ಕೆ, ಬಾವಿಗೆ. ಮೊನ್ನಿನ ಮಳೆಗಾಲದಲ್ಲಿ ಆಯಿ ಫೋನಿನಲ್ಲಿ ಹೇಳಿದಳು, "ತಮಾ, ನೀರು ತೆಂಗಿನ ಬುಡಕ್ಕೆ ಬಂತು. ಬಾವಿ ನೀರು ಸವಳಾಗೋಯ್ತು, ಬಾಯಿಗೆ ಹಾಕೂಕಾಗ್ತಿಲ್ಲ."

ಎರಡು ಕಡೆಯ ರೀತಿಯಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಾಣುವುದು ಇಲ್ಲೇ. ನಮ್ಮಲ್ಲಿ ನೀರು ಬಂದಾಗ ಅದು ವಿಪತ್ತು. ಬಂದ ಮೇಲೆ ಅಧಿಕಾರಿಗಳು ಬರುತ್ತಾರೆ, ಪರಿಹಾರದ ಪಟ್ಟಿ ಆಗುತ್ತದೆ. ಕಡಲ್ಕೊರೆತ ಆದ ಕಡೆ ಲಾರಿಯಲ್ಲಿ ಕಲ್ಲು ತಂದು ಸುರಿಯುತ್ತಾರೆ. ಉಳ್ಳಾಲದಿಂದ ಹಿಡಿದು ಉತ್ತರದವರೆಗೆ ಎಷ್ಟು ಕಡೆ ಈ ಕಲ್ಲಿನ ಗೋಡೆ ನೋಡಿದ್ದೇವೆ. ಅಲೆ ಅಡಿಯ ಮರಳನ್ನು ಎಳೆದುಕೊಂಡು ಹೋಗುತ್ತದೆ, ಕಲ್ಲು ಕೂರುತ್ತದೆ. ಗೋಡೆ ಮುಗಿದಲ್ಲಿ ಪಕ್ಕದವರ ಜಾಗ ಕೊರೆಯುವುದಕ್ಕೆ ಶುರು. ಮುಂದಿನ ವರ್ಷ ಅಲ್ಲಿಗೆ ಕಲ್ಲು.

ಇಲ್ಲಿ ನೀರು ವಿಪತ್ತಲ್ಲ, ದಿನದ ಕೆಲಸ. ದೇಶದಲ್ಲಿ 21 ನೀರು ಮಂಡಳಿಗಳಿವೆ. ಕೆಲವುದರ ಬೇರು 13ನೇ ಶತಮಾನದಲ್ಲಿದೆ. ಅವುಗಳಿಗೆ ಬೇರೆಯದೇ ಚುನಾವಣೆ, ಬೇರೆಯದೇ ತೆರಿಗೆ. ನಾನು ಈ ದೇಶದ ಪ್ರಜೆ ಅಲ್ಲ, ಸಂಸತ್ತಿಗೆ ಓಟು ಹಾಕುವಂತಿಲ್ಲ. ಆದರೆ 2023ರ ಮಾರ್ಚಿನಲ್ಲಿ ನೀರು ಮಂಡಳಿಗೆ ಓಟು ಹಾಕಿದೆ. ಇಲ್ಲಿ ಕಾನೂನುಬದ್ಧವಾಗಿ ವಾಸವಾಗಿರುವ ಹೊರದೇಶದವರಿಗೂ ಆ ಹಕ್ಕಿದೆ. ನೀರು ನುಗ್ಗಿದರೆ ಪಾಸ್‌ಪೋರ್ಟ್ ನೋಡಿ ನುಗ್ಗುವುದಿಲ್ಲ ಅಲ್ವಾ? ಕೆಂಪು ಪೆನ್ಸಿಲಿನಲ್ಲಿ ಆ ಸಣ್ಣ ವೃತ್ತ ತುಂಬುವಾಗ ನನಗೆ ಅಜ್ಜನ ನೆನಪಾಯಿತು. ಗಜನಿಯ ಪಾಲುದಾರರೆಲ್ಲ ಮಳೆಗಾಲದ ಮೊದಲು ಒಟ್ಟಿಗೆ ಕೂತು ಯಾರು ಎಷ್ಟು ಆಳು ಕೊಡಬೇಕು, ತೂಬು ಕಾಯುವವರು ಯಾರು ಅಂತ ಮಾತಾಡಿಕೊಳ್ಳುತ್ತಿದ್ದರು. ಅದೂ ನೀರು ಮಂಡಳಿಯೇ. ಹೆಸರೊಂದು ಇರಲಿಲ್ಲ ಅಷ್ಟೇ.

ಈ ಜನಕ್ಕೆ ಇದು ಸುಮ್ನೆ ಬಂದ ಬುದ್ಧಿಯಲ್ಲ. 1953ರ ಜನವರಿ 31ರ ರಾತ್ರಿ ಬಿರುಗಾಳಿಗೆ ಡೈಕ್‌ಗಳು ಒಡೆದು ಇಲ್ಲಿ 1,836 ಜನ ಸತ್ತರು. ಆಮೇಲೆ ದಶಕಗಟ್ಟಲೆ ಅಣೆಕಟ್ಟು, ತಡೆಗಳ ಕೆಲಸ ನಡೆಯಿತು. ಅದರಲ್ಲಿ ಊಸ್ಟರ್‌ಸ್ಕೆಲ್ಡೆ ಎಂಬ ಅಳಿವೆಯ ಕಥೆ ನನಗೆ ತುಂಬಾ ಹಿಡಿಸಿದ್ದು. ಅದನ್ನು ಪೂರ್ತಿ ಮುಚ್ಚುವ ಯೋಜನೆ ಇತ್ತು. ಚಿಪ್ಪು ತೆಗೆಯುವವರು, ಮೀನುಗಾರರು, ಪರಿಸರದವರು ಬೇಡ ಅಂತ ಹಠ ಹಿಡಿದರು. ಕೊನೆಗೆ 62 ಬಾಗಿಲುಗಳ ತಡೆ ಕಟ್ಟಿದರು. ಮಾಮೂಲು ದಿನ ಬಾಗಿಲು ತೆರೆದಿರುತ್ತದೆ, ಭರತ ಇಳಿತ ನಡೆಯುತ್ತದೆ. ಬಿರುಗಾಳಿಗೆ ಮಾತ್ರ ಮುಚ್ಚುತ್ತಾರೆ. 1986ರಲ್ಲಿ ಉದ್ಘಾಟನೆ ಆಯಿತು. ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು ಎಂಬ ಚಿಪ್ಪು ತೆಗೆಯುವ ನಮ್ಮೂರಿನ ಹೆಂಗಸರ ಮಾತನ್ನು ಇಷ್ಟು ಗಂಭೀರವಾಗಿ ಯಾರಾದರೂ ಕೇಳಿಸಿಕೊಂಡರೆ ಎಷ್ಟು ಚೆನ್ನ!

ಕಡಲತೀರಕ್ಕೆ ಇವರು ಕಲ್ಲಿಗಿಂತ ಮರಳನ್ನು ಜಾಸ್ತಿ ನಂಬುತ್ತಾರೆ. 2011ರಲ್ಲಿ ಹೇಗ್ ನಗರದ ದಕ್ಷಿಣಕ್ಕೆ ಸಮುದ್ರದ ತಳದಿಂದ ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಮರಳು ತಂದು ಒಂದೇ ಕಡೆ ದೊಡ್ಡ ಕೊಕ್ಕೆಯ ಆಕಾರದಲ್ಲಿ ಸುರಿದರು. ಗಾಳಿ, ಅಲೆ ಅದನ್ನು ವರ್ಷಗಟ್ಟಲೆ ತೀರದುದ್ದಕ್ಕೆ ಹರಡುತ್ತಿವೆ. ನಾವೋ, ಹೊಳೆಯಿಂದ ಮರಳು ತೋಡಿ ಮಾರುತ್ತೇವೆ. ಸಮುದ್ರಕ್ಕೆ ಹೋಗಬೇಕಾದ ಮರಳು ಕಟ್ಟಡಕ್ಕೆ ಹೋಯಿತು. ತೀರ ಕೊರೆಯುವುದಕ್ಕೆ ಬಿಸಿಯೇರುವಿಕೆ ಒಂದೇ ಕಾರಣ ಅಂತ ಹೇಳಿ ನಾವು ಕೈತೊಳೆದುಕೊಳ್ಳುವಂತಿಲ್ಲ.

ಹಾಗಂತ ಇವರ ರೀತಿಯೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಇವರು ನೀರು ಹೊರಗಿಡುವುದರಲ್ಲಿ ಗಟ್ಟಿಗರು, ನೀರು ಏರಿಸುವುದರಲ್ಲೂ ಹಿಂದೆ ಬಿದ್ದವರಲ್ಲ. ಭಾರತದಲ್ಲಿ ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕಕ್ಕೆ ಬಂದರೆ ಇಲ್ಲಿ ಅದರ ಮೂರು ಪಟ್ಟಿಗೂ ಜಾಸ್ತಿ. ನಮ್ಮೂರಿನ ಗಜನಿ ರೈತ ಸುಟ್ಟದ್ದು ಎಷ್ಟು ಮಹಾ? ಕಟ್ಟು ಒಡೆಯುವುದು ಮಾತ್ರ ಅವನದ್ದು ಮೊದಲು. ಪೀಟ್ ಮಣ್ಣಿನ ಬಯಲಿನ ನೀರನ್ನು ಇವರು ಶತಮಾನಗಳಿಂದ ಬಸಿಯುತ್ತಾ ಬಂದರು. ಗಾಳಿ ತಾಗಿ ಆ ಮಣ್ಣು ಕೊಳೆತು, ನೆಲ ಕುಸಿದು ಇನ್ನೂ ತಗ್ಗಾಯಿತು. ಕೊಳೆತ ಮಣ್ಣಿನಿಂದಲೂ ಅದೇ ಅನಿಲ. ಸರ್ಕಾರ ಹೊಗೆ ಕಡಿಮೆ ಮಾಡುತ್ತಿಲ್ಲ ಅಂತ ಸುಮಾರು 900 ನಾಗರಿಕರು ಉರ್ಗೆಂಡಾ ಎಂಬ ಪರಿಸರ ಸಂಸ್ಥೆಯ ಜೊತೆ ಕೋರ್ಟಿಗೆ ಹೋದರು. 2019ರ ಡಿಸೆಂಬರ್ 20ರಂದು ಇಲ್ಲಿನ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. 1990ಕ್ಕೆ ಹೋಲಿಸಿದರೆ 2020ರ ಕೊನೆಗೆ ಕನಿಷ್ಠ ನೂರಕ್ಕೆ 25 ಇಳಿಸಲೇಬೇಕು ಅಂತ. ಸರ್ಕಾರ ತಾನಾಗಿ ಮಾಡಲಿಲ್ಲ, ಜನ ಮಾಡಿಸಿದರು.

ಬಾಗಿಲು ಎಷ್ಟೇ ದೊಡ್ಡದಿದ್ದರೂ ಅದಕ್ಕೊಂದು ಮಿತಿ ಇದೆ. ರಾಟರ್‌ಡ್ಯಾಮ್ ಕಾಯುವ ಮಾಸ್‌ಲಾಂಟ್ ತಡೆಗೆ ತಲಾ 210 ಮೀಟರ್ ಉದ್ದದ ಎರಡು ಬಾಗಿಲು. ನೀರು 3 ಮೀಟರ್ ಏರುವ ಸೂಚನೆ ಸಿಕ್ಕರೆ ಕಂಪ್ಯೂಟರೇ ಮುಚ್ಚುತ್ತದೆ. ಸಮುದ್ರ ಏರುತ್ತಾ ಹೋದಂತೆ ಪದೇಪದೇ ಮುಚ್ಚಬೇಕಾಗುತ್ತದೆ. ಮುಚ್ಚಿದಾಗ ರೈನ್ ನದಿಯ ನೀರು ಒಳಗೇ ತುಂಬುತ್ತದೆ. ಉಬ್ಬರದ ಹೊತ್ತಿಗೆ ಘಟ್ಟದ ನೀರು ಬಂದ ಹಾಗೆ. ಇದು ಗೊತ್ತಾಗಿಯೇ ಇವರು ಈಗ ನದಿಗೆ ಜಾಗ ಬಿಡುವುದನ್ನು ಕಲಿಯುತ್ತಿದ್ದಾರೆ. ನೈಮೇಖನ್ ಊರ ಎದುರು ಡೈಕನ್ನೇ 350 ಮೀಟರ್ ಹಿಂದಕ್ಕೆ ಸರಿಸಿದರು. ನಮ್ಮ ಕಗ್ಗ ಬೆಳೆಯುವವರಿಗೆ ಇದು ಮೊದಲಿನಿಂದ ಗೊತ್ತು. ನೀರನ್ನು ಒಳಗೆ ಬಿಡುವ ಕಾಲ, ಹೊರಗಿಡುವ ಕಾಲ ಎರಡೂ ಇದೆ. ಆಳೆತ್ತರ ಬೆಳೆಯುವ, ಉಪ್ಪು ತಡೆಯುವ, ನೆರೆಯಲ್ಲಿ ಮುಳುಗಿ ಎದ್ದು ನಿಲ್ಲುವ ಭತ್ತ ನಮ್ಮ ಕೈಯಲ್ಲಿದೆ. ಆದರೆ ಅದನ್ನು ಬೆಳೆಯುವವರು ಕಡಿಮೆಯಾಗಿದ್ದಾರೆ. ಸರ್ಕಾರ ಕಲ್ಲಿನ ಕಟ್ಟು ಕಟ್ಟಿಕೊಟ್ಟ ಮೇಲೆ ನಮ್ಮೂರಲ್ಲಿ ಆ ಒಟ್ಟಿಗೆ ಕೂರುವುದು ನಿಂತುಹೋಯಿತು. ಕಟ್ಟು ಸರ್ಕಾರದ್ದು ಅಂದಮೇಲೆ ಏಡಿ ಬಿಲವೂ ಸರ್ಕಾರದ್ದೇ ಆಯಿತು.

ಆಮ್ಸ್ಟರ್‌ಡ್ಯಾಮ್ ನಗರಸಭೆಯ ಕಟ್ಟಡದಲ್ಲಿ ಮೂರು ಗಾಜಿನ ಕಂಬಗಳಿವೆ, ಒಳಗೆ ನೀರು. ಎರಡರಲ್ಲಿ ಈ ಹೊತ್ತಿನ ಸಮುದ್ರ ಮಟ್ಟ ಏರಿಳಿಯುತ್ತದೆ. ಮೂರನೆಯದು ತಲೆಯ ಮೇಲೆ ಎತ್ತರಕ್ಕೆ ನಿಂತಿದೆ, 4.55 ಮೀಟರ್. ಅದು 1953ರ ಪ್ರವಾಹದ ಮಟ್ಟ. ಯಾರು ಬೇಕಾದರೂ ಹೋಗಿ ನೋಡಬಹುದು. ಅದರ ಪಕ್ಕ ನಿಂತಾಗಲೇ ನನಗೆ ಹೊಳೆದದ್ದು, ನಮ್ಮೂರಲ್ಲಿ ನೀರು ಎಷ್ಟು ಏರಿತು ಅಂತ ಯಾರೂ ಬರೆದಿಟ್ಟಿಲ್ಲ. "ಆ ವರ್ಷ ತೆಂಗಿನ ಬುಡಕ್ಕೆ ಬಂದಿತ್ತು" ಅನ್ನುವುದೇ ಲೆಕ್ಕ.

ತಮ್ಮನ ಹತ್ತಿರ ಮಾತಾಡಿದ್ದೇನೆ. ತೂಬಿನ ಪಕ್ಕ ಒಂದು ಸಿಮೆಂಟ್ ಕಂಬ ಹುಗಿದು, ಸೆಂಟಿಮೀಟರ್ ಗೀಟು ಎಳೆದು, ಪ್ರತಿ ಹುಣ್ಣಿಮೆ, ಅಮಾವಾಸ್ಯೆ ಉಬ್ಬರದ ಮಟ್ಟ ಒಂದು ಪುಸ್ತಕದಲ್ಲಿ ಬರೆಯುವುದು. ಹಳೆಯ ಪಾಲುದಾರರ ಮನೆಗಳಿಗೂ ಹೋಗಿ ಹೇಳಿ ಬಂದಿದ್ದಾನೆ, ನಾಲ್ಕು ಜನ ಬರುತ್ತೇವೆ ಅಂದರಂತೆ. ಮೊನ್ನೆ ಜಾಗದ ಫೋಟೋ ಕಳಿಸಿದ. ದೊಡ್ಡದು ಮಾಡಿ ನೋಡಿದರೆ ತೂಬಿನ ಬಲಕ್ಕೆ, ಕಟ್ಟಿನ ಬುಡದಲ್ಲಿ, ಬೆರಳು ಹೋಗುವಷ್ಟು ಒಂದು ತೂತು. ಕಂಬ ಆಮೇಲೆ, ಮೊದಲು ಅದನ್ನು ಮುಚ್ಚು ಅಂತ ಬರೆದೆ.