ಪಿಸುಮಾತಿಗೂ ಸ್ಟೇಡಿಯಂ ಬೇಕೇ?

ಪಿಸುದನಿಯಲ್ಲಿ ಹಾಡುವ ಅಮೆರಿಕದ ಗಾಯಕಿ ಬಿಲ್ಲೀ ಐಲಿಶ್ ಹಾಡುಗಳು ಇಯರ್‌ಫೋನ್‌ಗೆ ಸರಿ, ದೊಡ್ಡ ವೇದಿಕೆಗೆ ಅಲ್ಲ ಎಂದು ಬರೆದಿದ್ದೀರಿ. ಅರ್ಧ ಒಪ್ಪುತ್ತೇನೆ. ನನ್ನ ಮಗಳು ಮೊದಲ ಸಲ ಕೇಳಿಸಿದಾಗ 'ಇದೇನು, ನಿದ್ದೆಗಣ್ಣಲ್ಲಿ ಹಾಡ್ತಾಳಲ್ಲ' ಅಂದಿದ್ದೆ. ಮುನಿಸಿಕೊಂಡಳು.

ಆದರೆ 2024ರ ಪ್ರವಾಸದ ವಿಡಿಯೋ ನೋಡಿದ್ದೀರಾ? ಒಂದು ಹಾಡಿಗೆ ಮುಂಚೆ ಇಡೀ ಸಭಾಂಗಣವನ್ನು ಸುಮ್ಮನಿರಲು ಕೇಳಿಕೊಳ್ಳುತ್ತಾಳೆ. ಸಾವಿರಾರು ಜನ, ಒಂದು ಸೊಲ್ಲಿಲ್ಲ. ನೆಲದ ಮೇಲೆ ಕೂತು ತನ್ನ ದನಿಯನ್ನೇ ಒಂದರ ಮೇಲೊಂದು ಪದರವಾಗಿ ಅಲ್ಲೇ ರೆಕಾರ್ಡ್ ಮಾಡಿ, ಅದರ ಮೇಲೆ ಹಾಡುತ್ತಾಳೆ. ಗದ್ದಲ ಎಬ್ಬಿಸುವುದು ಯಾರಿಗಾದರೂ ಬರುತ್ತದೆ, ಸುಮ್ಮನಿರಿಸುವುದು ಕಷ್ಟ ಅಲ್ವಾ?

ಅಣ್ಣ ಫಿನಿಯಸ್ ಇಲ್ಲದಿದ್ದರೆ ಅವಳಿಲ್ಲ ಎನ್ನುವವರೂ ಇಲ್ಲಿದ್ದಾರೆ. 2019ರ ಮೊದಲ ಆಲ್ಬಂ ಆದದ್ದು ಲಾಸ್ ಏಂಜಲೀಸ್‌ನ ಮನೆಯಲ್ಲಿ, ಅವನ ಮಲಗುವ ಕೋಣೆಯಲ್ಲಿ. ನಿಜ. ಇಬ್ಬರೂ ಸೇರಿ ಬರೆಯುತ್ತಾರೆ, ಅದನ್ನು ಅವಳೇ ಹೇಳಿಕೊಳ್ಳುತ್ತಾಳೆ. ಅದರಲ್ಲಿ ಮುಚ್ಚಿಡುವುದೇನಿದೆ?

ಇನ್ನೊಂದು ಮಾತು. 2022ರಲ್ಲಿ ಅಟ್ಲಾಂಟಾದಲ್ಲಿ ಒಬ್ಬ ಅಭಿಮಾನಿಗೆ ಉಸಿರು ಕಟ್ಟಿದಾಗ, ಹಾಡು ನಿಲ್ಲಿಸಿ ಇನ್‌ಹೇಲರ್ ತರಿಸಿಕೊಟ್ಟಳು. ಮಗಳು ಅದನ್ನು ನನಗೆ ಹತ್ತು ಸಲ ತೋರಿಸಿದ್ದಾಳೆ.

ನನ್ನ ದೂರು ಒಂದೇ. ಹಳೆಯ ಹಾಡು ಶುರುವಾದರೆ ಸಾಕು, ಅಭಿಮಾನಿಗಳೇ ಕಿರುಚಿ ಹಾಡುತ್ತಾರೆ. ಅವಳ ದನಿ ಎಲ್ಲಿ ಹೋಯಿತೋ ಹುಡುಕಬೇಕು. ದುಡ್ಡು ಕೊಟ್ಟು ಪಕ್ಕದವರ ಅಪಸ್ವರ ಕೇಳುವುದಕ್ಕೆ ನಾನಂತೂ ಹೋಗಲ್ಲ. ಮಗಳು ಹೋಗಬೇಕು ಅಂತಾಳೆ, ಅದು ಬೇರೆ ಜಗಳ.