ಎಳನೀರು ತರುವವರಿಗೆ

ನಮ್ಮ ಮನೆಯವರನ್ನು ನೋಡಲು ಬರುವವರು ಎಳನೀರು ತರುತ್ತಾರೆ. ಬೆಂಗಳೂರಿನಲ್ಲಿ ಕಾಯಿಲೆಯವರ ಮನೆಗೆ ಯಾರು ತಾನೆ ಬರಿಗೈಯಲ್ಲಿ ಹೋಗುತ್ತಾರೆ? ದಾರಿಯಲ್ಲಿ ಗಾಡಿ ನಿಲ್ಲಿಸಿ, "ಗಂಜಿ ಬೇಡ, ನೀರು ಜಾಸ್ತಿ ಇರೋದು ಕೊಡಪ್ಪ" ಎಂದು ಆರಿಸಿ, ನಮ್ಮ ಮೂರನೇ ಮಹಡಿಯವರೆಗೆ ಹೊತ್ತು ತರುತ್ತಾರೆ. ಆದರೆ ಎರಡೂ ಕಿಡ್ನಿ ಕೈಕೊಟ್ಟ ಮನುಷ್ಯನಿಗೆ ಎಳನೀರು ಆಗುವುದಿಲ್ಲ. ಅದರಲ್ಲಿರುವ ಪೊಟ್ಯಾಸಿಯಂ ಹೊರಗೆ ಹೋಗಲು ದಾರಿಯಿಲ್ಲದೆ ರಕ್ತದಲ್ಲೇ ಏರಿದರೆ ಹೃದಯವೇ ನಿಂತುಹೋಗಬಹುದು. ಎಳನೀರಿನ ತಪ್ಪಲ್ಲ. ತಂದವರ ಪ್ರೀತಿಯಲ್ಲೂ ಏನೂ ಕಮ್ಮಿಯಿಲ್ಲ. ನಾನು ತೆಗೆದುಕೊಂಡು, ಅವರು ಹೋದ ಮೇಲೆ ಕೆಳಗಿನ ಮನೆಯ ಮಕ್ಕಳಿಗೆ ಕೊಡುತ್ತೇನೆ.

ದೇವರ ವಾಕ್ಯಗಳೂ ನಮ್ಮ ಮನೆಗೆ ಹೀಗೇ ಬಂದವು. "ಎಲ್ಲಾ ದೇವರ ಚಿತ್ತ ಅಕ್ಕ", "ಆತನ ಯೋಜನೆ ನಮಗೆ ತಿಳಿಯಲ್ಲಮ್ಮ". ಸುಳ್ಳಲ್ಲ. ನಾನೂ ನಂಬಿರುವುದು ಅದನ್ನೇ. ಆದರೂ ಆ ದಿನಗಳಲ್ಲಿ ಅದನ್ನು ಅರಗಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

2022ರ ಡಿಸೆಂಬರ್ 31ರ ರಾತ್ರಿ, ಹೊಸ ವರ್ಷದ ಆರಾಧನೆಯಲ್ಲಿ, ವಾಗ್ದಾನದ ಕಾರ್ಡುಗಳ ಡಬ್ಬಿ, ಒಂದೊಂದರಲ್ಲೂ ಸತ್ಯವೇದದ ಒಂದು ವಾಕ್ಯ, ನಮ್ಮ ಸಾಲಿಗೂ ಬಂತು. ನನಗೆ ಸಿಕ್ಕಿದ್ದು ಯೆರೆಮೀಯ 29:11. "ಅಹಿತದ ಯೋಚನೆಗಳಲ್ಲ, ಹಿತದ ಯೋಚನೆಗಳೇ." ಎಷ್ಟು ಖುಷಿಪಟ್ಟೆ! ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿದೆ. ಫೆಬ್ರವರಿಯಲ್ಲಿ ಇವರ ಕಾಲು ಊದಿಕೊಂಡವು, ರಕ್ತ ಪರೀಕ್ಷೆಯಾಯಿತು, ವಾರದೊಳಗೆ ಮೆಷಿನ್‌ನಲ್ಲಿ ರಕ್ತ ಶುದ್ಧಮಾಡುವ ಡಯಾಲಿಸಿಸ್ ಶುರುವಾಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ. ಆ ಕಾರ್ಡನ್ನು ಕಿತ್ತು ಅಕ್ಕಿ ಡಬ್ಬದ ಕೆಳಗೆ ಹಾಕಿದೆ. ಹರಿಯಲು ಧೈರ್ಯ ಬರಲಿಲ್ಲ, ನೋಡಲು ಮನಸ್ಸು ಬರಲಿಲ್ಲ.

ಒಂದು ಪ್ರಾರ್ಥನಾ ಕೂಟದಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಯಲ್ಲಿ ಅರಿಕೆ ಮಾಡದ ಪಾಪ ಏನಾದರೂ ಇದೆಯಾ ನೋಡಿ" ಎಂದರು. ಇನ್ನೊಬ್ಬರು, ವಿಶ್ವಾಸ ಇದ್ದರೆ ಮೆಷಿನ್ ಯಾಕೆ ಎಂದರು. ಇದನ್ನು ಮಾತ್ರ ನಾನು ಕ್ಷಮಿಸಿದ್ದೇನೆ, ಒಪ್ಪಿಲ್ಲ. ಹುಟ್ಟು ಕುರುಡನನ್ನು ತೋರಿಸಿ "ಯಾರು ಪಾಪ ಮಾಡಿದರು, ಇವನೋ, ಇವನ ತಂದೆತಾಯಿಗಳೋ" ಎಂದು ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲ ಎಂದ ಯೇಸುವನ್ನೇ ನಾವು ಆರಾಧಿಸುತ್ತಿರುವುದು. ಇನ್ನು ಮೆಷಿನ್ ವಿಷಯ. ನೆದರ್‌ಲ್ಯಾಂಡ್ಸ್ ಹಿಟ್ಲರನ ಸೈನ್ಯದ ಹಿಡಿತದಲ್ಲಿದ್ದಾಗ, 1943ರಲ್ಲಿ, ವಿಲೆಮ್ ಕೋಲ್ಫ್ ಎಂಬ ಡಾಕ್ಟರು ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯಲ್ಲಿ ರಕ್ತ ಹರಿಸಿ ಈ ಚಿಕಿತ್ಸೆಗೆ ಕೈಹಾಕಿದರು. ಮೊದಮೊದಲ ರೋಗಿಗಳು ಉಳಿಯಲಿಲ್ಲ. ಅವರು ಬಿಡಲಿಲ್ಲ. 1945ರಲ್ಲಿ ಒಬ್ಬ ಹೆಂಗಸು ಬದುಕಿಕೊಂಡರು. ಯುದ್ಧದ ನಡುವೆ, ಸೋಲಿನ ಮೇಲೆ ಸೋಲು ತಿಂದು ಒಬ್ಬ ಮನುಷ್ಯ ಹೀಗೆ ದುಡಿದಿರುವಾಗ ಅದರಲ್ಲಿ ದೇವರ ಕೈ ಇರಲಿಲ್ಲ ಎಂದು ನಾನು ಹೇಗೆ ಹೇಳಲಿ?

ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಕೂತು, ಒಂದು ದಿನ ಸತ್ಯವೇದದಲ್ಲಿ ಆ ಅಧ್ಯಾಯವನ್ನು ಪೂರ್ತಿ ಓದಿದೆ. ಕಾರ್ಡಿನಲ್ಲಿ ಹನ್ನೊಂದನೆಯ ವಾಕ್ಯ ಮಾತ್ರ ಇರುತ್ತದೆ. ಹತ್ತನೆಯದರಲ್ಲಿ "ಎಪ್ಪತ್ತು ವರುಷ" ಎಂದಿದೆ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ. ಓದಿದವರಲ್ಲಿ ಬಹಳ ಮಂದಿ ಊರಿಗೆ ಮರಳಿ ಬರುವವರಲ್ಲ, ಅಲ್ಲೇ ಮಣ್ಣಾಗುವವರು. ಹಿಂದಿನ ಅಧ್ಯಾಯದಲ್ಲೇ ಹನನ್ಯ ಎಂಬಾತ ಎದ್ದು ನಿಂತು, ಎರಡೇ ವರ್ಷದಲ್ಲಿ ಎಲ್ಲಾ ಸರಿಹೋಗುತ್ತದೆ ಎಂದು ದೇವರ ಹೆಸರಿನಲ್ಲೇ ಹೇಳಿದ್ದ. ಅದು ಸುಳ್ಳು ಪ್ರವಾದನೆಯಾಗಿತ್ತು. ನಾನು ಕಾಯುತ್ತಿದ್ದದ್ದೂ ಹನನ್ಯನ ಮಾತಿಗೇ. ಯೆರೆಮೀಯನ ಪತ್ರದಲ್ಲಿದ್ದದ್ದೇ ಬೇರೆ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿಕೊಳ್ಳಿರಿ, ಮಕ್ಕಳಿಗೆ ಮದುವೆ ಮಾಡಿರಿ, ಸೆರೆಹೋದ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರಿ.

ಆ ಪಟ್ಟಣ ನನಗೆ ಆ ವಾರ್ಡೇ ಎಂದು ಅನಿಸಿತು. ಪಕ್ಕದ ಬೆಡ್ಡಿನ ಆಟೋ ಓಡಿಸುವ ಅಣ್ಣನ ಹೆಸರು ಅಲ್ಲಿಯವರೆಗೆ ಕೇಳಿರಲಿಲ್ಲ. ಅವತ್ತು ಕೇಳಿದೆ. ಮಗಳ ಪಿಯುಸಿ ಪರೀಕ್ಷೆಗಾಗಿ ಪ್ರಾರ್ಥಿಸಿ ಅಂದರು. ಕಿಟಕಿ ಕಡೆಯ ಅಮ್ಮನ ಸೊಸೆ ರಂಜಾನ್ ಉಪವಾಸದಲ್ಲೂ ನನಗೆ ಫ್ಲಾಸ್ಕಿನಲ್ಲಿ ಟೀ ತಂದುಕೊಟ್ಟಳು.

2024ರ ಮಾರ್ಚ್ ಮರೆಯುವಂಥದ್ದಲ್ಲ. ಊರಿಗೇ ನೀರಿಲ್ಲ, ಬೋರ್‌ವೆಲ್ ಒಣಗಿ, ಟ್ಯಾಂಕರ್ ಬಂತೆಂದರೆ ಬೀದಿಯೇ ಓಡುತ್ತಿತ್ತು. ಕಿಡ್ನಿ ನೀರು ಹೊರಹಾಕದ ಕಾರಣ ಇವರು ಕುಡಿಯಬಹುದಾದದ್ದೇ ದಿನಕ್ಕೆ ಒಂದು ಲೀಟರ್, ಸಾರು, ಟೀ, ಮಜ್ಜಿಗೆ ಎಲ್ಲಾ ಸೇರಿ. ಬೆಳಿಗ್ಗೆಯೇ ಬಾಟಲಿಗೆ ಅಳೆದು ಇಡುತ್ತಿದ್ದೆ. ಆದರೆ ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ನೀರು ಬೇಕು. ಒಂದು ಲೋಟ ಹೆಚ್ಚಿಗೆ ಕುಡಿಯಲಾಗದವರು ಅಷ್ಟು ನೀರಿನಿಂದ ಬದುಕಬೇಕು. ಆಸ್ಪತ್ರೆಗೆ ಟ್ಯಾಂಕರ್ ಬಾರದಿದ್ದರೆ ಏನು ಗತಿ ಎಂದು ರಾತ್ರಿಯೆಲ್ಲಾ ಎಚ್ಚರವಾಗಿರುತ್ತಿದ್ದೆ.

ಆ ತಿಂಗಳ 29ಕ್ಕೆ ಶುಭ ಶುಕ್ರವಾರ. ಹನ್ನೆರಡರಿಂದ ಮೂರರವರೆಗೆ ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಆರಾಧನೆ, ಸುಡುವ ಬಿಸಿಲು. ಇವರ ತುಟಿ ಒಡೆದಿತ್ತು. ಬಾಟಲಿಯಲ್ಲಿ ಮೂರು ಗುಟುಕು ಉಳಿದಿತ್ತು, ರಾತ್ರಿಯ ಮಾತ್ರೆಗೆ ಬೇಕು. ನಾಲ್ಕನೆಯ ಮಾತು, "ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ" ಎಂಬುದನ್ನು ಅಯ್ಯನವರು ಓದಿದಾಗ ನಾನು ಅತ್ತೆ. ನಮ್ಮ ಕರ್ತನೇ ಕೇಳಿದ ಪ್ರಶ್ನೆಯನ್ನು ನಾನು ಕೇಳಿದರೆ ಅದು ಅವಿಶ್ವಾಸ ಹೇಗಾಗುತ್ತದೆ? ಆಮೇಲೆ ಐದನೆಯ ಮಾತು. "ನನಗೆ ನೀರಡಿಕೆ ಆಗಿದೆ." ಇವರು ಅದುವರೆಗೆ ತಲೆ ತಗ್ಗಿಸಿಕೊಂಡಿದ್ದವರು ಮೆಲ್ಲಗೆ ತಲೆಯೆತ್ತಿದರು. ನನ್ನ ಕೈ ಹಿಡಿದು, ಕಿವಿಯ ಹತ್ತಿರ, "ಇದು ಆತನಿಗೆ ಗೊತ್ತು ಕಣೇ" ಎಂದರು. ಅಷ್ಟೇ. ಒಂದು ವರ್ಷ ಕೇಳಿದ ಸಮಾಧಾನದ ಮಾತುಗಳಲ್ಲಿ ಯಾವುದೂ ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಮನೆಗೆ ಬಂದು ಅಕ್ಕಿ ಡಬ್ಬ ಸರಿಸಿ ಕಾರ್ಡು ತೆಗೆದೆ.

ಕಿಡ್ನಿ ಕಸಿಗೆ ನನ್ನದನ್ನೇ ಕೊಡಲು ಹೋದೆ, ಸಕ್ಕರೆ ಕಾಯಿಲೆ ಇದೆ, ಬೇಡ ಎಂದರು. ಅಂಗದಾನ ನೋಡಿಕೊಳ್ಳುವ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ಇವರ ಹೆಸರಿದೆ. ಸಭೆಯಲ್ಲಿ "ಬೇಗ ಕಿಡ್ನಿ ಸಿಗಲಿ" ಎಂದು ಪ್ರಾರ್ಥಿಸುತ್ತಾರೆ, ನಾನೂ ಆಮೆನ್ ಎನ್ನುತ್ತಿದ್ದೆ. ಒಂದು ರಾತ್ರಿ ನಾಲಿಗೆ ತಡೆಯಿತು. ಆ ಕಿಡ್ನಿ ಬರಬೇಕಾದರೆ ಯಾವುದೋ ಮನೆಯ ಮಗನೋ ಮಗಳೋ ಮೆದುಳು ನಿಂತು ಐಸಿಯುನಲ್ಲಿ ಮಲಗಿರಬೇಕು. ನಮಗೆ ಹಿತವಾಗಲೆಂದು ದೇವರು ಆ ತಾಯಿಗೆ ಅಹಿತ ಯೋಚಿಸಿದ್ದಾನೆ ಎನ್ನಲು ನನ್ನಿಂದ ಆಗುವುದಿಲ್ಲ. ಸ್ವಂತ ಮಗನನ್ನು ಶಿಲುಬೆಯ ಮೇಲೆ ನೋಡಿದ ದೇವರು ಆ ಲೆಕ್ಕ ಹಾಕುವವನಲ್ಲ. ಆತ ಮುರಿದದ್ದರಿಂದಲೂ ಜೀವ ತೆಗೆಯಬಲ್ಲವನು, ಅದನ್ನು ನಂಬುತ್ತೇನೆ. ಮುರಿದದ್ದು ಯಾಕೆ ಎಂಬುದನ್ನು ಆತನ ಪರವಾಗಿ ವಿವರಿಸುವುದನ್ನು ಬಿಟ್ಟಿದ್ದೇನೆ. ಈಗ ರಾತ್ರಿ ಡಯಾಲಿಸಿಸ್‌ಗೆಂದು ರಕ್ತನಾಳಗಳನ್ನು ಜೋಡಿಸಿ ಮಾಡಿದ ಇವರ ತೋಳಿನ ಫಿಸ್ಟುಲಾ ಮೇಲೆ ಬೆರಳಿಟ್ಟು, ಒಳಗೆ ರಕ್ತ ಜುಮ್ ಎಂದು ಹರಿಯುತ್ತಿರುವುದನ್ನು ನೋಡಿಕೊಂಡು, ಯಾರೆಂದು ತಿಳಿಯದ ಆ ಮನೆಯವರಿಗಾಗಿ ಪ್ರಾರ್ಥಿಸುತ್ತೇನೆ.

ಶಿವಾಜಿನಗರದ ಸಂತ ಮೇರಿ ಚರ್ಚಿನ ಜಾತ್ರೆಗೆ ಪ್ರತಿ ಸೆಪ್ಟೆಂಬರ್ 8ಕ್ಕೆ ಕಾವಿ ಸೀರೆಯುಟ್ಟು ಹೋಗುವ ನಮ್ಮ ಎದುರುಮನೆ ಅಕ್ಕ ಒಮ್ಮೆ ಬರುವ ಮುಂಚೆ ಫೋನ್ ಮಾಡಿ, "ಅವರು ಏನು ತಿನ್ನಬಹುದು, ಏನು ತಿನ್ನಬಾರದು ಹೇಳು" ಎಂದು ಕೇಳಿದರು. ಸೇಬು ಆಗುತ್ತದೆ ಎಂದೆ. ಎರಡು ಸೇಬು ತಂದರು. ವಾರ್ಡಿನ ಹೊರಗೆ ನನ್ನ ಜೊತೆ ನಾಲ್ಕು ಗಂಟೆ ಕೂತರು, ಒಂದು ವಾಕ್ಯವನ್ನೂ ಹೇಳಲಿಲ್ಲ. ಸತ್ಯವೇದದಲ್ಲಿ ಕಷ್ಟದ ಮೇಲೆ ಕಷ್ಟ ಕಂಡ ಯೋಬನ ಸ್ನೇಹಿತರೂ ಏಳು ದಿನ ಹಾಗೇ ಸುಮ್ಮನೆ ಕೂತಿದ್ದರು, ಮಾತಾಡಲು ಶುರುಮಾಡಿದ ಮೇಲೆಯೇ ಅವರು ಕೆಟ್ಟದ್ದು.

ನೀವೂ ಬನ್ನಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರರಿಂದ ಹತ್ತರವರೆಗೆ ನಾನು ಆ ಬೆಂಚಿನ ಮೇಲೇ ಇರುತ್ತೇನೆ.